ಗ್ರಿಲ್‌ನಲ್ಲಿ ಬಸಳೆ, ಕೈಯಲ್ಲಿ ಕಡಿಮೆ ದುಡ್ಡು: ನಿಮ್ಮ ಅನುಭವ ತಿಳಿಸಿ

ಡೊಂಬಿವಲಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಡೊಂಬಿವಲಿ ಪೂರ್ವದಲ್ಲಿ, ಮೂರನೇ ಮಹಡಿಯಲ್ಲಿ, ಒಂದೇ ಮಲಗುವ ಕೋಣೆಯ ಮನೆ ನಮ್ಮದು. ಈ ವರ್ಷ ಯಜಮಾನರ ಸಂಬಳ ಕಡಿತವಾಗಿದೆ. ಮಗಳು ಎಂಟನೇ ತರಗತಿಯಲ್ಲಿದ್ದಾಳೆ. ಮಾವ ತೀರಿಕೊಂಡ ಮೇಲೆ ಅತ್ತೆಯವರನ್ನು ಕುಂದಾಪುರದ ಹತ್ತಿರದ ಊರಿನಿಂದ ಕರೆತಂದಿದ್ದೇವೆ. ಅವರಿಗೆ 71 ವರ್ಷ. ಊರಿನಲ್ಲಿ ಬಸಳೆ ಚಪ್ಪರ, ತೊಂಡೆ ಚಪ್ಪರ ಎಂದು ಬೆಳಗಿನಿಂದ ಹಿತ್ತಲಿನಲ್ಲೇ ಇರುತ್ತಿದ್ದವರು ಇಲ್ಲಿ ಕಿಟಕಿಯ ಬಳಿ ಸುಮ್ಮನೆ ಕುಳಿತಿರುತ್ತಾರೆ. ಊಟವೂ ಕಡಿಮೆಯಾಗಿದೆ. ಕಿಟಕಿಯಿಂದ ಹೊರಚಾಚಿದ ಗ್ರಿಲ್‌ನಲ್ಲಿ ತರಕಾರಿ ಬೆಳೆದರೆ ಖರ್ಚೂ ಉಳಿದೀತು, ಅವರಿಗೂ ಹೊತ್ತು ಹೋದೀತು ಎಂಬ ಆಸೆ. ಕಿಟಕಿ ಪಶ್ಚಿಮಕ್ಕಿದೆ. ನೀರು ತೊಟ್ಟಿಕ್ಕಿದರೆ ಕೆಳಗಿನ ಮನೆಯವರು ಕಟ್ಟಡದ ಸೊಸೈಟಿಗೆ ದೂರು ಕೊಡುತ್ತಾರೆ. ಹೆಚ್ಚು ಹಣ ಹಾಕದೆ ಹೇಗೆ ಶುರು ಮಾಡಲಿ? ಮನೆಖರ್ಚು ಇಳಿಸಲು ಬೇರೆ ದಾರಿಗಳಿದ್ದರೆ ಅವನ್ನೂ ಹೇಳಿ.

ಮುಲುಂಡ್‌ನಿಂದ

ತಂಗಿ, ಖರ್ಚಿನ ಪ್ರಶ್ನೆ ಬೇರೆ, ಅತ್ತೆಯವರ ಪ್ರಶ್ನೆ ಬೇರೆ. ಗ್ರಿಲ್‌ನಿಂದ ಎರಡನ್ನೂ ಒಟ್ಟಿಗೆ ಸಾಧಿಸಲು ಹೋದರೆ ನಿಮಗೆ ನಿರಾಸೆಯಾದೀತು ಎಂಬ ಭಯ ನನಗಿದೆ. ನಾಲ್ಕೈದು ಅಡಿ ಉದ್ದದ ಗ್ರಿಲ್‌ನಲ್ಲಿ ಟೊಮೇಟೊ, ಬದನೆ, ಬೆಂಡೆ ಎಂದು ಹೊರಟರೆ ಕುಂಡಕ್ಕೂ ಮಣ್ಣಿಗೂ ಹಾಕಿದ ಹಣ ಕಾಯಿಯ ರೂಪದಲ್ಲಿ ಹಿಂದಿರುಗುವುದಿಲ್ಲ. ಅಲ್ಲಿ ಬೆಳೆಯಬೇಕಾದದ್ದು ಒಗ್ಗರಣೆಗೆ, ತಂಬುಳಿಗೆ, ಚಟ್ನಿಗೆ ನಾಲ್ಕು ಎಲೆ ಸಾಕು ಎನ್ನುವಂಥ ಸೊಪ್ಪು. ಪುದೀನದ ಕಟ್ಟು ತಂದರೆ ಕಾಲು ಭಾಗ ಬಳಸುತ್ತೇವೆ, ಉಳಿದದ್ದು ಫ್ರಿಜ್‌ನಲ್ಲಿ ಕಪ್ಪಾಗುತ್ತದೆ. ಮನೆಯಲ್ಲೇ ಬೆಳೆದರೆ ಆ ಮುಕ್ಕಾಲು ಭಾಗದ ಹಣ ಪ್ರತಿ ವಾರವೂ ಉಳಿಯುತ್ತದೆ.

ನಿಮ್ಮ ಪಶ್ಚಿಮದ ಬಿಸಿಲಿಗೆ ಬಸಳೆಗಿಂತ ಒಳ್ಳೆಯ ಬಳ್ಳಿ ಇಲ್ಲ. ಬೀಜ ಹುಡುಕಬೇಡಿ. ಮಾರುಕಟ್ಟೆಯಲ್ಲಿ ಮಯಾಳು ಎಂದು ಮಾರುವುದು ಬಸಳೆಯೇ. ದಪ್ಪ ದಂಟಿನದನ್ನು ಆರಿಸಿ ತಂದು ಎಲೆಯನ್ನು ಅಡುಗೆಗೆ ಬಿಡಿಸಿಕೊಳ್ಳಿ, ಮೂರು ನಾಲ್ಕು ಗೆಣ್ಣಿರುವ ದಂಟಿನ ತುಂಡುಗಳಲ್ಲಿ ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಡಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಟ್ಟರೆ ಬೇಗ ಬೇರು ಬಿಡುತ್ತದೆ. ಹಬ್ಬಲು ಗ್ರಿಲ್‌ನ ಸರಳುಗಳೇ ಸಾಕು. ಕುಡಿ ಚಿವುಟುತ್ತಿದ್ದರೆ ಪಕ್ಕದಲ್ಲಿ ಕವಲೊಡೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಒಂದು ದಿನ ನೀರು ತಪ್ಪಿದರೂ ಜೋತುಬೀಳುತ್ತದೆ.

ಬಸಳೆಯ ನೆರಳಿನಲ್ಲಿ ದೊಡ್ಡಪತ್ರೆ ಮತ್ತು ಒಂದೆಲಗ ಇಡಿ. ದೊಡ್ಡಪತ್ರೆ ಕಡ್ಡಿಯಿಂದಲೇ ಬರುತ್ತದೆ, ನೀರು ಹೆಚ್ಚಾದರೆ ಕೊಳೆಯುತ್ತದೆ. ಒಂದೆಲಗಕ್ಕೆ ತೇವ ಬೇಕು. ಎರಡನ್ನೂ ಒಂದೇ ತೊಟ್ಟಿಯಲ್ಲಿ ಸೇರಿಸಬೇಡಿ. ಮೆಂತ್ಯವನ್ನು ಡಬ್ಬಿಯಿಂದ ಒಂದು ಮುಷ್ಟಿ ತೆಗೆದು ನೆನೆಸಿ, ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ಮಣ್ಣಿಗೆ ಚೆಲ್ಲಿ. ಎರಡು ವಾರದೊಳಗೆ ಕತ್ತರಿಸಬಹುದು. ಮುಂಬೈಯಲ್ಲಿ ಕಡಲಂಚಿನ ಮರಳಿನಲ್ಲಿ ಬೆಳೆದು ಪುಟ್ಟ ಪುಟ್ಟ ಕಟ್ಟಾಗಿ ಮಾರುವ ಸಮುದ್ರ ಮೇಥಿ ಇದೇ ಎಳೆಯ ಮೆಂತ್ಯ. ಕರಿಬೇವು ನಿಧಾನ. ಅದಕ್ಕೆ ದೊಡ್ಡ ಕುಂಡ ಬೇಕು, ಮೊದಲ ವರ್ಷ ಅದರಿಂದ ಏನನ್ನೂ ನಿರೀಕ್ಷಿಸಬೇಡಿ.

ಇನ್ನು ಅತ್ತೆಯವರ ವಿಷಯ. ನನ್ನ ತಾಯಿಯೂ ಸಾಗರದ ಕಡೆಯಿಂದ ಬಂದು ನಮ್ಮ ಮನೆ ಸೇರಿದವರು, ಆದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. ದಯವಿಟ್ಟು ಇದನ್ನು ಅವರ ಮುಂದೆ ಹೊತ್ತು ಕಳೆಯುವ ಕೆಲಸ ಎಂದು ಇಡಬೇಡಿ. ಅವರು ಕಳೆದುಕೊಂಡದ್ದು ಗಂಡನನ್ನು, ಅದರ ಜೊತೆಗೇ ತಮ್ಮ ಮಾತು ನಡೆಯುತ್ತಿದ್ದ ಹಿತ್ತಲನ್ನೂ. ಇಂದು ಯಾವ ಬಳ್ಳಿಯಿಂದ ಕೊಯ್ಯಬೇಕು, ಪಕ್ಕದ ಮನೆಗೆ ಎಷ್ಟು ಕೊಡಬೇಕು, ಯಾವುದನ್ನು ಬೀಜಕ್ಕೆ ಬಿಡಬೇಕು ಎಂದು ಅಷ್ಟು ವರ್ಷ ಅವರೇ ತೀರ್ಮಾನಿಸುತ್ತಿದ್ದರು. ನಿಮ್ಮ ಮನೆಯಲ್ಲಿ ಹಾಗೆ ತೀರ್ಮಾನಿಸಲು ಅವರಿಗೆ ಏನೂ ಇಲ್ಲ. ಆ ಗ್ರಿಲ್‌ನ ಯಜಮಾನಿಕೆ ಪೂರ್ತಿ ಅವರದಾಗಲಿ. ಯಾವ ಕುಂಡ ಎಲ್ಲಿ ಎಂದು ಅವರೇ ಹೇಳಲಿ. ಸೊಪ್ಪು ಬೇಕಾದಾಗ ನೀವು ಹೋಗಿ ಕೇಳಿ ಕೊಯ್ಯಿಸಿಕೊಳ್ಳಿ, ನೀವಾಗಿಯೇ ಕಿತ್ತುಕೊಳ್ಳಬೇಡಿ. ಅವರು ನೆಟ್ಟದ್ದು ಒಣಗಿದರೂ ಒಣಗಲಿ, ಕುಂಡ ಬದಲಾಯಿಸಿ ತಿದ್ದಲು ಹೋಗಬೇಡಿ.

ಇನ್ನೊಂದು. ಮಳೆಗಾಲದ ಆರಂಭದಲ್ಲಿ ನಮ್ಮ ಕಡೆಯ ರೈಲು ನಿಲ್ದಾಣಗಳ ಹೊರಗೆ ಆದಿವಾಸಿ ಹೆಂಗಸರು ಕಾಡಿನ ಸೊಪ್ಪು ತಂದು ಕೂರುತ್ತಾರೆ. ಅವರು ಟಾಕಳಾ ಎನ್ನುವುದು ನಮ್ಮ ಚಗಟೆ ಸೊಪ್ಪು, ತುಳುವರ ತಜಂಕ್. ಕರ್ಟೋಲಿ ಎಂದರೆ ಮಡಹಾಗಲ. ಅಳೂ ಎನ್ನುವ ಎಲೆ ಪತ್ರೊಡೆಯ ಕೆಸುವು. ಅತ್ತೆಯವರನ್ನು ಅಲ್ಲಿಗೆ ಒಮ್ಮೆ ಕರೆದುಕೊಂಡು ಹೋಗಿ. ಮರಾಠಿ ಬರದಿದ್ದರೂ ಆ ಬುಟ್ಟಿಗಳ ಮುಂದೆ ಅವರಿಗೆ ಯಾರ ಸಹಾಯವೂ ಬೇಕಾಗುವುದಿಲ್ಲ. ಯಾವ ಸೊಪ್ಪು ಎಳೆಯದು, ಯಾವುದು ಬಲಿತದ್ದು ಎಂದು ನಿಮಗಿಂತ ಚೆನ್ನಾಗಿ ಅವರೇ ಆರಿಸುತ್ತಾರೆ. ಚಗಟೆ ಅಗ್ಗ, ಮಡಹಾಗಲ ದುಬಾರಿ. ಅದನ್ನು ವರ್ಷಕ್ಕೊಮ್ಮೆ ತಿಂದರೆ ಸಾಕು.

ಠಾಣೆಯಿಂದ

ನಾನು ನಿವೃತ್ತ ಸಿವಿಲ್ ಎಂಜಿನಿಯರ್. ಗಿಡಕ್ಕಿಂತ ಮೊದಲು ಗ್ರಿಲ್ ನೋಡಿ ಎನ್ನುತ್ತೇನೆ. ಹತ್ತು ಲೀಟರಿನ ಪೇಂಟ್ ಡಬ್ಬಿ ತುಂಬ ಬರಿಯ ಮಣ್ಣು ಹಾಕಿ ನೀರು ಕುಡಿಸಿದರೆ 15 ಕಿಲೋ ದಾಟುತ್ತದೆ. ಅಂಥ ನಾಲ್ಕು ಡಬ್ಬಿ ಹೊರಚಾಚಿದ ಗ್ರಿಲ್ ಮೇಲೆ ಕೂತರೆ ಒಬ್ಬ ಮನುಷ್ಯ ನಿಂತಂತೆ. ಭಾರದ ಡಬ್ಬಿಗಳು ಕಿಟಕಿಯ ಒಳಬದಿಯಲ್ಲಿ, ಗೋಡೆಗೆ ಹತ್ತಿರ ಇರಲಿ, ಬಳ್ಳಿ ಮಾತ್ರ ಹೊರಗೆ ಹೋಗಲಿ. ಗೋಡೆಗೆ ಬಿಗಿದ ಬೋಲ್ಟುಗಳ ಸುತ್ತ ತುಕ್ಕು ಇದೆಯೇ ಎಂದು ಪ್ರತಿ ಮೇ ತಿಂಗಳಿನಲ್ಲಿ ವೆಲ್ಡರ್‌ಗೆ ತೋರಿಸಿ. ಸರಳುಗಳಾಚೆ ಒಂದು ಲೋಟವನ್ನೂ ಇಡಬೇಡಿ, ಕೆಳಗೆ ಮಕ್ಕಳು ಓಡಾಡುತ್ತಾರೆ.

ಭಾರ ಇಳಿಸಲು ಎಳನೀರಿನವರು ಎಸೆಯುವ ತೆಂಗಿನ ಸಿಪ್ಪೆ ಕೇಳಿ ತಂದು, ಚೂರು ಮಾಡಿ ಅಡಿಯ ಮೂರನೇ ಒಂದು ಭಾಗಕ್ಕೆ ತುಂಬಿ. ಕಬ್ಬಿನ ಹಾಲಿನ ಅಂಗಡಿಯ ಸಿಪ್ಪೆಯೂ ಆಗುತ್ತದೆ. ಬಾಂದ್ರಾದ ಡಾ. ಆರ್.ಟಿ. ದೋಶಿ ಅವರು ಇದೇ ಕಬ್ಬಿನ ಸಿಪ್ಪೆಯನ್ನು ಚೀಲಗಳಲ್ಲಿ ತುಂಬಿ, ಮೇಲೆ ಸ್ವಲ್ಪವೇ ಮಣ್ಣು ಹಾಕಿ ತಾರಸಿಯಲ್ಲಿ ಬೆಳೆ ತೆಗೆದು ತೋರಿಸಿದವರು. ಸಿಪ್ಪೆಯನ್ನು ತೊಳೆದು ಒಣಗಿಸಿಕೊಳ್ಳಿ, ಸಿಹಿ ಉಳಿದರೆ ಇರುವೆ ಮುತ್ತುತ್ತದೆ.

ನೀರು ತೊಟ್ಟಿಕ್ಕದಂತೆ ಪ್ರತಿ ಡಬ್ಬಿಯ ಕೆಳಗೆ ತಟ್ಟೆ ಬೇಕು. ಆದರೆ ಆ ತಟ್ಟೆಯೇ ಡೆಂಗಿ ಸೊಳ್ಳೆಯ ತವರು. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಂಡು ತಟ್ಟೆಗಳನ್ನು ಖಾಲಿ ಮಾಡಿ, ಬ್ರಶ್ಶಿನಿಂದ ಉಜ್ಜಿ. ಮೊಟ್ಟೆಗಳು ಅಂಚಿಗೆ ಅಂಟಿಕೊಂಡಿರುವುದರಿಂದ ನೀರು ಚೆಲ್ಲಿದರಷ್ಟೇ ಸಾಲದು. ಅಕ್ಕಿ, ಬೇಳೆ ತೊಳೆದ ನೀರನ್ನೇ ಗಿಡಕ್ಕೆ ಹಾಕಿ.

ಮನೆಯಲ್ಲೇ ಗೊಬ್ಬರ ಮಾಡಿ ಎಂದು ಯಾರಾದರೂ ಹೇಳುತ್ತಾರೆ. ಇಷ್ಟು ಚಿಕ್ಕ ಮನೆಯಲ್ಲಿ, ಅದೂ ಮಳೆಗಾಲದಲ್ಲಿ, ಅದು ಬೇಡ ಎಂದು ನನ್ನ ಅಭಿಪ್ರಾಯ.

ಬೊರಿವಲಿಯಿಂದ

ಠಾಣೆಯ ಸರ್ ಅವರ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮದೂ ಅಷ್ಟೇ ಚಿಕ್ಕ ಮನೆ, ಐದು ಜನ. ಮುಂಬೈ ಬಂದರಿನ ಕ್ಯಾಂಟೀನಿನ ತಾರಸಿಯಲ್ಲಿ ಪ್ರೀತಿ ಪಾಟೀಲ್ ಅವರು ಅಡುಗೆಮನೆಯ ಕಸವನ್ನೇ ಮಣ್ಣು ಮಾಡಿ ತೋಟ ಬೆಳೆಸಿದ್ದನ್ನು ಓದಿದ ಮೇಲೆ ನಾನು ಶುರು ಮಾಡಿದೆ. ಗೊಬ್ಬರ ಕೊಂಡುಕೊಳ್ಳುವುದು ಅಂದಿನಿಂದ ನಿಂತಿದೆ.

ತೂತು ಕೊರೆದ ಎರಡು ಹಳೆಯ ಡಬ್ಬಿ ಸಾಕು. ಒಂದು ತುಂಬಿದ ಮೇಲೆ ಮುಚ್ಚಿಟ್ಟು ಇನ್ನೊಂದಕ್ಕೆ ಹೋಗಬೇಕು. ಹಸಿ ತರಕಾರಿ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಹಾಕಿ, ಅದರಷ್ಟೇ ಅಥವಾ ಇನ್ನೂ ಹೆಚ್ಚು ಒಣಗಿದ್ದನ್ನು ಮೇಲೆ ಹರಡಿ: ಒಣ ಎಲೆ, ಹರಿದ ಪತ್ರಿಕೆ, ತೆಂಗಿನ ನಾರು. ಮೊದಲ ದಿನ ಒಂದು ಸೌಟು ಹುಳಿ ಮಜ್ಜಿಗೆ ಚಿಮುಕಿಸಿ. ಬೇಯಿಸಿದ ಅನ್ನ, ಎಣ್ಣೆ, ಮೀನು ಹಾಕಬಾರದು. ವಾಸನೆ ಬಂದರೆ ಒದ್ದೆ ಹೆಚ್ಚಾಗಿದೆ ಎಂದರ್ಥ. ಇನ್ನಷ್ಟು ಒಣ ಎಲೆ ಬೆರೆಸಿ ಕೆದಕಿದರೆ ಒಂದೆರಡು ದಿನದಲ್ಲಿ ಹೋಗುತ್ತದೆ. ಮಳೆಗಾಲದ ತೊಡಕೆಂದರೆ ಒಣ ಎಲೆ ಸಿಗದಿರುವುದು. ಅದಕ್ಕೇ ಮಾರ್ಚ್‌ನಿಂದ ಮೇವರೆಗೆ ಸೊಸೈಟಿ ಗುಡಿಸುವವರಿಂದ ಒಂದು ಗೋಣಿ ಎಲೆ ಕೇಳಿ ಇಟ್ಟುಕೊಳ್ಳುತ್ತೇವೆ.

ಹಿಟ್ಟು ತಿಗಣೆ (ಗಿಡಕ್ಕೆ ಬಿಳಿ ಹಿಟ್ಟಿನಂತೆ ಅಂಟುವ ಕೀಟ) ಬಂದರೆ ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸಾಬೂನು. ಸಂಜೆ ಸಿಂಪಡಿಸಿ.

ಪುಣೆಯಿಂದ

ಖರ್ಚಿನ ಬಗ್ಗೆ ಯಾರೂ ಹೆಚ್ಚು ಹೇಳಲಿಲ್ಲ. ಡೊಂಬಿವಲಿಗೂ ನಮಗೂ ಮಹಾವಿತರಣದ ವಿದ್ಯುತ್ತೇ. ತಿಂಗಳಿಗೆ 100 ಯೂನಿಟ್ ದಾಟಿದರೆ ಮೇಲಿನ ಪ್ರತಿ ಯೂನಿಟ್‌ಗೆ ದರ ಏಕ್‌ದಮ್ ಏರುತ್ತದೆ. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ, ಕಡಿಮೆ ವಿದ್ಯುತ್ತಿನ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗಿದರೆ ಒಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ವ್ಯತ್ಯಾಸ. ಸಂಬಳ ಇಳಿದಿರುವಾಗ ಚೆನ್ನಾಗಿರುವ ಫ್ಯಾನ್ ಕಿತ್ತು ಹೊಸದು ಹಾಕಬೇಡಿ. ಹಳೆಯದು ಸುಟ್ಟಾಗ ಮತ್ತೆ ಸುತ್ತಿಸುವ ಬದಲು ಇದನ್ನು ತನ್ನಿ.

ಕಡಲೆ, ಹುರುಳಿ, ಅಲಸಂದೆಯನ್ನು ರಾತ್ರಿ ನೆನೆಸಿದರೆ ಗ್ಯಾಸ್ ಉಳಿಯುತ್ತದೆ. ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿಯನ್ನು ಕಟ್ಟಡದ ಮೂರು ನಾಲ್ಕು ಮನೆಯವರು ಸೇರಿ ಕಲ್ಯಾಣದ ಎಪಿಎಂಸಿ ಮಾರುಕಟ್ಟೆಯಿಂದ ತಂದು ಹಂಚಿಕೊಳ್ಳಿ. ಕೆಳಗಿನ ಮನೆಯವರನ್ನೂ ಸೇರಿಸಿಕೊಂಡರೆ ನೀರಿನ ಜಗಳವೂ ತಣ್ಣಗಾದೀತು.

ನೆರೂಲ್‌ನಿಂದ

ನಾನು ಆಸ್ಪತ್ರೆಯಲ್ಲಿ ನರ್ಸ್. ಊಟ ಕಡಿಮೆಯಾಗಿದೆ ಎಂದು ನೀವು ಬರೆದದ್ದನ್ನು ಹಾಗೇ ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುತ್ತಿಲ್ಲ. ಹಸಿವು, ನಿದ್ದೆ, ಮಾತು ಮೂರೂ ಎರಡು ವಾರಕ್ಕಿಂತ ಹೆಚ್ಚು ಕಾಲ ಕುಗ್ಗಿದ್ದರೆ ಗಿಡದ ಮೇಲೆ ಭಾರ ಹಾಕಬೇಡಿ, ಡಾಕ್ಟರಿಗೆ ತೋರಿಸಿ. ದುಃಖದಂತೆ ಕಾಣುವುದರ ಹಿಂದೆ ಕೆಲವೊಮ್ಮೆ ಥೈರಾಯ್ಡ್, ಬಿ12 ಕೊರತೆ, ರಕ್ತಹೀನತೆ ಇರುತ್ತದೆ. ಕಿವಿ ಮಂದವಾಗಿದ್ದರೂ ಹಿರಿಯರು ಮಾತು ಬಿಟ್ಟು ಮೂಲೆ ಸೇರುತ್ತಾರೆ. ಖಿನ್ನತೆಯೇ ಆಗಿದ್ದರೆ ಅದಕ್ಕೂ ಚಿಕಿತ್ಸೆ ಇದೆ, ವಯಸ್ಸಾಯಿತು ಎಂದು ಬಿಟ್ಟುಬಿಡುವ ಕಾಯಿಲೆ ಅಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತನಾಡುವ ಸೌಲಭ್ಯವೂ ಇದೆ. ಅತ್ತೆಯವರು ಮಾತನಾಡಲು ಒಪ್ಪದಿದ್ದರೆ ನೀವೇ ಕರೆ ಮಾಡಿ ಕೇಳಿ.

ಹಣದ ದೃಷ್ಟಿಯಿಂದ ಎಲ್ಲಕ್ಕಿಂತ ದೊಡ್ಡ ವಿಷಯ ಇದು: 2024ರ ಅಕ್ಟೋಬರ್‌ನಿಂದ 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಚಿಕಿತ್ಸೆಯ ರಕ್ಷಣೆ ಇದೆ. ವಯ ವಂದನಾ ಕಾರ್ಡ್ ಎನ್ನುತ್ತಾರೆ, ಆಧಾರ್ ಸಾಕು. ಇದನ್ನು ಮೊದಲು ಮಾಡಿಸಿ. ರಕ್ತದೊತ್ತಡದ ಮಾತ್ರೆ ಇದ್ದರೆ ಡಾಕ್ಟರನ್ನು ಕೇಳಿ ಜನೌಷಧಿ ಅಂಗಡಿಯಲ್ಲಿ ಕೊಳ್ಳಿ.

ಕುಂಡಗಳು ಅವರ ಸೊಂಟದ ಎತ್ತರದಲ್ಲಿರಲಿ. ಸ್ಟೂಲ್ ಹತ್ತಿ ನೀರು ಹಾಕುವಂತೆ ಆಗಬಾರದು, ನೆಲ ಒದ್ದೆಯಾಗಿ ಉಳಿಯಬಾರದು. ಈ ವಯಸ್ಸಿನಲ್ಲಿ ಒಮ್ಮೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಮನೆಯೇ ಅಲ್ಲಾಡಿಹೋಗುತ್ತದೆ. ಡೊಂಬಿವಲಿಯಲ್ಲಿ ಕರ್ನಾಟಕ ಸಂಘವಿದೆ, ಮಂಜುನಾಥ ವಿದ್ಯಾಲಯ ನಡೆಸುವವರು ಅವರೇ. ಹತ್ತಿರದಲ್ಲಿ ಕನ್ನಡದವರ ಭಜನಾ ಮಂಡಳಿ ಎಲ್ಲಿದೆ ಎಂದು ಅಲ್ಲಿ ವಿಚಾರಿಸಿ. ಅವರಿಗೆ ನಿಮ್ಮ ಮೂವರ ಹೊರತಾಗಿ ತಮ್ಮ ಭಾಷೆಯಲ್ಲಿ ಮಾತನಾಡುವ ಒಬ್ಬ ಗೆಳತಿ ಬೇಕು.

ಡೊಂಬಿವಲಿಯಿಂದ ಮತ್ತೆ

ಎಲ್ಲರಿಗೂ ಮನಸಾರೆ ಧನ್ಯವಾದ. ಡಾಕ್ಟರಿಗೆ ಈ ವಾರವೇ ತೋರಿಸುತ್ತೇವೆ, ಕಾರ್ಡಿಗೂ ಓಡಾಡುತ್ತೇವೆ. ಬಸಳೆಯ ಮಾತನ್ನು ಅತ್ತೆಯವರಿಗೆ ಓದಿ ಹೇಳಿದೆ. ಕೆಂಪು ದಂಟಿನದೋ ಹಸಿರಿನದೋ ಎಂದು ಕೇಳಿದರು. ಅವರಿಗೆ ಕೆಂಪು ಬೇಕಂತೆ. ಮಾರುಕಟ್ಟೆಯಲ್ಲಿ ನಾನು ಅದನ್ನು ಕಂಡಿಲ್ಲ.

ಮುಲುಂಡ್‌ನಿಂದ

ಮಾರುಕಟ್ಟೆಗೆ ಬರುವುದು ಬಹುತೇಕ ಹಸಿರೇ. ಕೆಂಪು ದಂಟಿನ ಬಳ್ಳಿ ನಮ್ಮ ಮನೆಯಲ್ಲಿದೆ, ಎಷ್ಟು ತುಂಡು ಬೇಕಾದರೂ ಕೊಡುತ್ತೇನೆ. ಒದ್ದೆ ಬಟ್ಟೆಯಲ್ಲಿ ಸುತ್ತಿದರೆ ಮನೆ ಸೇರುವವರೆಗೆ ಬಾಡುವುದಿಲ್ಲ. ಅತ್ತೆಯವರನ್ನೂ ಕರೆತನ್ನಿ, ಬಲಿತ ದಂಟು ಯಾವುದು ಎಂದು ಅವರೇ ನೋಡಿ ಕತ್ತರಿಸಿಕೊಳ್ಳಲಿ. ಭಾನುವಾರ ಮಧ್ಯಾಹ್ನದ ನಿಧಾನ ಲೋಕಲ್ ಹಿಡಿಯಿರಿ, ಅವರಿಗೆ ಕೂರಲು ಜಾಗ ಸಿಗುತ್ತದೆ.