ಲೇಖಕರ ಮನೆಗಳನ್ನು ಆನ್‌ಲೈನ್ ನಕ್ಷೆಯಲ್ಲಿ ದಾಖಲಿಸುವುದು ಹೇಗೆ?

ಪ್ರಶ್ನೆ (ಮಲೆನಾಡಿಗ):
ಕರ್ನಾಟಕದ ಹಿರಿಯ ಲೇಖಕರು ಹುಟ್ಟಿದ, ಬಾಳಿದ ಸ್ಥಳಗಳನ್ನೆಲ್ಲ ಒಂದೇ ನಕ್ಷೆಯಲ್ಲಿ ತೋರಿಸಬೇಕೆಂಬುದು ನಮ್ಮ ಓದುಗರ ಬಳಗದ ಆಸೆ. ಧಾರವಾಡದ ಸಾಧನಕೇರಿಯ ಬೇಂದ್ರೆಯವರ ಮನೆ, ಪುತ್ತೂರಿನಲ್ಲಿ ಕಾರಂತರ ಬಾಲವನ, ಮೈಸೂರಿನ ಯಾದವಗಿರಿಯಲ್ಲಿ ಈಗ ವಸ್ತುಸಂಗ್ರಹಾಲಯವಾಗಿರುವ ಆರ್. ಕೆ. ನಾರಾಯಣ್ ಅವರ ಮನೆ ಮೊದಲ ಪಟ್ಟಿಯಲ್ಲಿವೆ. ಇವನ್ನು ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಬೇಕೋ, ವಿಕಿಪೀಡಿಯದ ಸೋದರ ಮಾಹಿತಿಕೋಶವಾದ ವಿಕಿಡೇಟಾಗೋ, ಅಥವಾ ನಮ್ಮದೇ ಪಟ್ಟಿಯಿಂದ ಪಿನ್ ಹಾಕಿದರೆ ಸಾಕೋ?

ಉತ್ತರ (ನಕ್ಷೆಗಾರ):
ಬರಿಯ ಪಿನ್ ಸಾಲದು. ಒಬ್ಬ ವ್ಯಕ್ತಿಗೂ ಒಂದು ಜಾಗಕ್ಕೂ ಇರುವ ಸಂಬಂಧ ಯಾವುದೆಂದು ಹೇಳದ ನಕ್ಷೆಯಿಂದ ಸ್ಮರಣೆಯ ಕೆಲಸ ಆಗುವುದಿಲ್ಲ. ಕುವೆಂಪು ಅವರನ್ನೇ ತೆಗೆದುಕೊಳ್ಳಿ: 1904ರಲ್ಲಿ ಅವರು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ, ಬಹುಕಾಲ ನೆಲೆಸಿದ್ದು ಮೈಸೂರಿನ 'ಉದಯರವಿ'ಯಲ್ಲಿ, ಅವರ ಸಮಾಧಿ ಇರುವುದು ಕವಿಶೈಲದಲ್ಲಿ. ಕುಪ್ಪಳಿಯ ಮೇಲೆ ಒಂದೇ ಪಿನ್ ಇಟ್ಟರೆ ಅದನ್ನು ನೋಡಿದವರು ಅಲ್ಲಿಯೇ ಹುಟ್ಟಿದರೆಂದು ತಿಳಿಯುತ್ತಾರೆ, ಈಗಾಗಲೇ ಹಲವರು ಹಾಗೆಯೇ ತಿಳಿದಿದ್ದಾರೆ ಕೂಡ. ವಿಕಿಡೇಟಾದಲ್ಲಿ ಜನ್ಮಸ್ಥಳ, ವಾಸಸ್ಥಳ, ಮರಣಸ್ಥಳ, ಸಮಾಧಿಸ್ಥಳ ಎಂಬ ಪ್ರತ್ಯೇಕ ಗುಣಗಳಿರುವುದರಿಂದ ವ್ಯಕ್ತಿಯ ಬದುಕಿನ ಮಾಹಿತಿಯನ್ನು, ಪ್ರತಿ ಹೇಳಿಕೆಗೂ ಆಧಾರ ಕೊಟ್ಟು, ಅಲ್ಲಿ ಇಡುವುದು ಸರಿ. ಇಂದು ನೆಲದ ಮೇಲೆ ಕಣ್ಣಿಗೆ ಕಾಣುವ ಕಟ್ಟಡ, ಪ್ರತಿಮೆ, ಫಲಕಗಳು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿದವು.

ಎರಡನ್ನೂ ಬೆಸೆಯುವಾಗ ಒಂದು ಎಚ್ಚರ ಬೇಕು. ನಕ್ಷೆಯಲ್ಲಿ ಪ್ರತಿಮೆಯ 'ವಿಕಿಡೇಟಾ' ಟ್ಯಾಗಿನಲ್ಲಿ (ವಿವರ ತುಂಬುವ ಅಂಕಣದಲ್ಲಿ) ವಿಕಿಡೇಟಾ ಕವಿಗೆ ಕೊಟ್ಟ ಗುರುತಿನ ಸಂಖ್ಯೆ ಬರೆದರೆ ಆ ಕಲ್ಲೇ ಕವಿ ಎಂದು ದಾಖಲಾಗುತ್ತದೆ! ಸ್ಮಾರಕ ಯಾರ ಕುರಿತದ್ದು ಎಂದು ತಿಳಿಸಲು 'ಸಬ್ಜೆಕ್ಟ್:ವಿಕಿಡೇಟಾ' ಎಂಬ ಬೇರೆಯ ಟ್ಯಾಗ್ ಇದೆ. ಬಸವನಗುಡಿಯ ಡಿ.ವಿ.ಜಿ. ರಸ್ತೆಯಂತಹ ಹೆಸರುಗಳಿಗೂ ಹೆಸರಿನ ಮೂಲವನ್ನು ಸೂಚಿಸುವ ಟ್ಯಾಗ್ ಉಂಟು. ಕನ್ನಡ ಹೆಸರುಗಳನ್ನು ಎರಡೂ ಕಡೆ ತುಂಬಿ. ಇಲ್ಲವಾದರೆ ಕನ್ನಡ ಲೇಖಕರ ನಕ್ಷೆಯನ್ನು ಇಂಗ್ಲಿಷಿನಲ್ಲಿ ಓದಬೇಕಾದೀತು.

ಉತ್ತರ (ದತ್ತಾಂಶಪ್ರಿಯ):
ಪರವಾನಗಿಯ ವಿಷಯವನ್ನೂ ಗಮನಿಸಿ. ವಿಕಿಡೇಟಾದ ಮಾಹಿತಿಯನ್ನು ಯಾವ ನಿರ್ಬಂಧವೂ ಇಲ್ಲದೆ ಯಾರು ಬೇಕಾದರೂ ಬಳಸಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್‌ನದು ಮೂಲವನ್ನು ಹೆಸರಿಸಿ ಅದೇ ಷರತ್ತಿನಲ್ಲಿ ಹಂಚಬೇಕಾದ ಪರವಾನಗಿ. ಆದ್ದರಿಂದ ಅಲ್ಲಿನ ಅಕ್ಷಾಂಶ, ರೇಖಾಂಶಗಳನ್ನು ಸಾರಾಸಗಟಾಗಿ ವಿಕಿಡೇಟಾಗೆ ನಕಲು ಮಾಡಬಾರದು. ಗೂಗಲ್ ನಕ್ಷೆಯಿಂದಂತೂ ಎರಡಕ್ಕೂ ಎತ್ತಬೇಡಿ. ಸ್ಥಳಕ್ಕೆ ಹೋಗಿ ಮೊಬೈಲಿನ ಜಿಪಿಎಸ್‌ನಲ್ಲಿ ಗುರುತಿಸಿದ್ದು ನಿಮ್ಮ ಸ್ವಂತದ್ದು, ಅದನ್ನು ಎಲ್ಲಿಗೆ ಬೇಕಾದರೂ ಕೊಡಬಹುದು.

ಉತ್ತರ (ಹಳೇಪೇಟೆ):
ನೆಲಸಮವಾದ ಮನೆಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಉಳಿಸಿಕೊಳ್ಳುವುದಿಲ್ಲ. ಅಲ್ಲಿ ಕಟ್ಟಡ ಹೋದರೆ ಗುರುತೂ ಹೋಗಬೇಕು. ಅಂಥವುಗಳಿಗೆ ಓಪನ್‌ಹಿಸ್ಟಾರಿಕಲ್‌ಮ್ಯಾಪ್ ಇದೆ, ಅದರಲ್ಲಿ ಕಟ್ಟಡಕ್ಕೆ ಆರಂಭದ ಮತ್ತು ಅಂತ್ಯದ ವರ್ಷಗಳನ್ನು ಕೊಡಬಹುದು. ನಮ್ಮ ಊರುಗಳಲ್ಲಿ ಹಳೆಯ ಮನೆಗಳು ಉರುಳುವ ವೇಗವನ್ನು ನೋಡಿದರೆ ನಿಮ್ಮ ಪಟ್ಟಿಯ ದೊಡ್ಡ ಪಾಲು ಅಲ್ಲಿಗೇ ಸೇರಬಹುದೆಂದು ನನಗನಿಸುತ್ತದೆ. ಲೇಖಕರ ವಂಶಸ್ಥರು ಇಂದಿಗೂ ವಾಸಿಸುತ್ತಿರುವ, ಸಾರ್ವಜನಿಕರಿಗೆ ತೆರೆದಿರದ ಮನೆಯಾದರೆ ಅವರ ಒಪ್ಪಿಗೆ ಇಲ್ಲದಿದ್ದರೆ ಮನೆಯನ್ನು ಗುರುತಿಸದೆ, ಬಡಾವಣೆಯ ಮಟ್ಟದಲ್ಲಿ ಮಾತ್ರ ತೋರಿಸಿ.