ಅಡ್ಡಬಿಲ್ಲಿನಲ್ಲಿ ‘ಹೆದೆಯೇರಿಸು’ ಅಂದರೆ ಯಾವ ಕೆಲಸ?

ಮರದ ಅಡ್ಡಬಿಲ್ಲು (ಕ್ರಾಸ್‌ಬೋ, ಅಂದರೆ ದಂಡದ ತುದಿಗೆ ಬಿಲ್ಲನ್ನು ಅಡ್ಡಲಾಗಿ ಕೂರಿಸಿದ್ದು) ಮಾಡುವ ಬಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೆದೆಯನ್ನು ಎಳೆದು ನಿಲ್ಲಿಸಿಡುವುದಕ್ಕೆ ಒಂದು ಪದ ಸಿಗದೆ ಬರವಣಿಗೆ ನಿಂತಿದೆ.

ಹೆದೆಯೇರಿಸು ಅಂದರೆ ಬಿಲ್ಲನ್ನು ಬಗ್ಗಿಸಿ ಹೆದೆಯನ್ನು ತುದಿಗೆ ಸಿಕ್ಕಿಸುವುದು. ಶಿವಧನುಸ್ಸಿನ ಕಥೆ ಕೇಳಿದವರಿಗೆಲ್ಲ ಇದು ಗೊತ್ತು. ಮಾಮೂಲಿ ಬಿಲ್ಲಿನಲ್ಲಿ ಮುಂದಿನದು ಸಲೀಸು: ಬಾಣ ಹೂಡು, ಎಳೆ, ಬಿಡು. ಎಳೆದ ಹೆದೆಯನ್ನು ಹಿಡಿದಿರುವುದು ಬೆರಳೇ. ಹಾಗಾಗಿ ‘ಎಳೆದಿಟ್ಟ ಬಿಲ್ಲು’ ಅನ್ನುವುದಕ್ಕೆ ಬೇರೆ ಹೆಸರು ಬೇಕಾಗುವುದಿಲ್ಲ.

ಅಡ್ಡಬಿಲ್ಲಿನಲ್ಲಿ ಈ ವರಸೆಯೇ ಹಿಂದುಮುಂದು. ಮೊದಲು ಹೆದೆಯನ್ನು ಎಳೆದು ದಂಡದ ಮೇಲೆ ಅಡ್ಡಲಾಗಿ ಕೊರೆದ ಕಚ್ಚಿನಲ್ಲಿ ಕೂರಿಸಬೇಕು. ಆಮೇಲೆ ದಂಡದ ಉದ್ದಕ್ಕಿರುವ ತೋಡಿನಲ್ಲಿ ಬಾಣ ಇಡಬೇಕು. ತೀರಾ ಸರಳವಾದ ಮರದ ಬಿಲ್ಲಿನಲ್ಲಿ ಕಚ್ಚಿನ ತಳಕ್ಕೆ ಒಂದು ತೂತು, ತೂತಿನೊಳಗೆ ಒಂದು ಗೂಟ. ಕೆಳಗಿನ ಸನ್ನೆಕೋಲನ್ನು ಒತ್ತಿದರೆ ಗೂಟ ಮೇಲೆದ್ದು ಹೆದೆಯನ್ನು ಕಚ್ಚಿನಿಂದ ಎಬ್ಬಿಸುತ್ತದೆ, ಬಾಣ ಹಾರುತ್ತದೆ. ಅಲ್ಲಿಯವರೆಗೂ ಬಿಲ್ಲು ಯಾರೂ ಹಿಡಿಯದೆ ತಾನೇ ಬಗ್ಗಿಕೊಂಡಿರುತ್ತದೆ. ಈ ಸ್ಥಿತಿಗೆ ಏನನ್ನೋಣ?

ಹೆಸರಿಲ್ಲದಿದ್ದರೆ ಎಚ್ಚರಿಕೆಯ ಮಾತು ಬರೆಯುವುದೇ ಕಷ್ಟ. ‘ಹೆದೆಯೇರಿಸಿದ ಮೇಲೆ ಹೆಬ್ಬೆರಳನ್ನು ತೋಡಿನ ಅಂಚಿಗಿಂತ ಮೇಲೆ ತರಬೇಡಿ’ ಅಂದರೆ ಓದುವವರು ಏನಂತ ತಿಳಿಯಬೇಕು? ಹೆದೆ ಕಟ್ಟಿ ಪಕ್ಕಕ್ಕಿಟ್ಟ ಬಿಲ್ಲಿನಿಂದ ಬೆರಳಿಗೆ ಭಯವಿಲ್ಲ. ಕಚ್ಚಿನಲ್ಲಿ ಕೂತ ಹೆದೆ ಜಾರಿದರೆ ಬೆರಳು ಮುರಿಯಬಹುದು. ಬಾಣವಿಲ್ಲದೆ ಬಿಟ್ಟರಂತೂ ಬಾಣಕ್ಕೆ ಹೋಗಬೇಕಾದ ಬಲ ಬಿಲ್ಲಿಗೇ ತಿರುಗಿ ಮರ ಸೀಳಬಹುದು. ಜಾಸ್ತಿ ಹೊತ್ತು ಹಾಗೇ ಬಿಟ್ಟರೆ ಮರ ಬಾಗಿದಂತೆಯೇ ಉಳಿದು ಕಸುವು ಕಳೆದುಕೊಳ್ಳುತ್ತದೆ. ಇವೆಲ್ಲ ಆ ನಡುವಿನ ಸ್ಥಿತಿಯ ತೊಂದರೆಗಳೇ, ಅಲ್ವಾ?

‘ಸೆಳೆ’ ಅಂದರೆ ಎಳೆಯುವ ಕೆಲಸ ಮಾತ್ರ ಬರುತ್ತದೆ, ಎಳೆದು ನಿಲ್ಲಿಸಿದ್ದು ಬರುವುದಿಲ್ಲ. ‘ಹೂಡು’ ಬಾಣದ ಮಾತು. ‘ಲೋಡ್ ಮಾಡು’ ಅಂದರೆ ಬಾಣವನ್ನೂ ಇಟ್ಟಾಯಿತು ಅನಿಸುತ್ತದೆ. ಸದ್ಯಕ್ಕೆ ‘ಕಚ್ಚಿಗೇರಿಸು’ ಅಂತ ಬರೆದಿದ್ದೇನೆ: ‘ಕಚ್ಚಿಗೇರಿದ ಬಿಲ್ಲನ್ನು ಯಾರ ಕಡೆಗೂ ತಿರುಗಿಸಬೇಡಿ.’ ನಾಲಿಗೆಗೆ ಒಗ್ಗುತ್ತದೆ. ಆದರೆ ‘ಹೆದೆಯೇರಿಸು’ವಿಗೆ ತೀರಾ ಹತ್ತಿರವಾಯಿತೇನೋ ಅನ್ನುವ ಅಳುಕಿದೆ. ‘ಕಚ್ಚಿಗೆ ಕೂರಿಸು’ ವಾಸಿಯೇ?

ಒತ್ತುವ ಸನ್ನೆಕೋಲಿಗೆ ‘ಕುದುರೆ’ ಅನ್ನಬಹುದು ಎಂದು ಗೆಳೆಯರೊಬ್ಬರು ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಬಂದೂಕಿನಲ್ಲಿ ಕುದುರೆ ಅಂದರೆ ಬಂದು ಬಡಿಯುವ ಭಾಗ, ಬೆರಳಿನಿಂದ ಎಳೆಯುವುದಲ್ಲ. ಅಲ್ಲಿ ‘ಟ್ರಿಗರ್’ ಅಂತಲೇ ಬಿಡುತ್ತೇನೆ.

ಬಿಲ್ಲು ಮಾಡುವವರು, ಮರಗೆಲಸದವರು ಬಾಯಿಮಾತಿನಲ್ಲಿ ಬಳಸುವ ಪದ ನಿಮಗೆ ಗೊತ್ತಿದ್ದರೆ, ಅವರು ಆಡುವ ವಾಕ್ಯದ ಸಮೇತ ತಿಳಿಸಿ.