ಮ್ಯೂಸಿಯಂನಲ್ಲಿ ಹತ್ತೇ ನಿಮಿಷಕ್ಕೆ ಬೋರ್ ಅನ್ನೋ ಮಕ್ಕಳು: ನಮ್ಮನೆ ಅನುಭವ

ಎಲ್ಲರಿಗೂ ನಮಸ್ಕಾರ. ಇಲ್ಲಿ ಬ್ರಿಟನ್ನಿನಲ್ಲಿ ಶಾಲೆಯ ಹಾಫ್ ಟರ್ಮ್ ರಜೆಗೆ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗೋದು ಅಂತ ನಮ್ಮ ಕನ್ನಡ ಸಂಘದ ಗುಂಪಿನಲ್ಲಿ ನಡೆದ ಚರ್ಚೆ ಓದಿದೆ. ಮ್ಯೂಸಿಯಂ ಅಂದ ತಕ್ಷಣ ನಾಲ್ಕೈದು ಜನ "ಹತ್ತು ನಿಮಿಷಕ್ಕೆ ಬೋರ್ ಅಂತಾರೆ, ಆಮೇಲೆ ಗಿಫ್ಟ್ ಶಾಪ್ ಎಲ್ಲಿ ಅಂತ ಕೇಳ್ತಾರೆ" ಎಂದು ಬರೆದಿದ್ದೀರಿ. ಒಬ್ಬರು ಮಾತ್ರ ಬೇರೆ ಪ್ರಶ್ನೆ ಕೇಳಿದ್ದರು. ಮಗನಿಗೆ ಆಟಿಸಂ ಇದೆ, ಗದ್ದಲ ತಡೆಯೋಕೆ ಆಗಲ್ಲ, ಇಂಥ ಜಾಗಕ್ಕೆ ಹೋಗಬಹುದಾ ಅಂತ. ಅದಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ. ನಮ್ಮ ಚಿಕ್ಕವನೂ ಹಾಗೇ. ಆದ್ದರಿಂದ ಅವರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಹೋಗಬಹುದು, ಖಂಡಿತ ಹೋಗಿ. ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ 'ಅರ್ಲಿ ಬರ್ಡ್ಸ್' ಅಂತ ಇದೆ. ಪಕ್ಕದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ 'ಡಾನೋಸಾರ್ಸ್' ಅಂತ ಇದೆ. ಗೊತ್ತುಮಾಡಿದ ಕೆಲವು ದಿನ ಎಲ್ಲರಿಗೂ ಬಾಗಿಲು ತೆರೆಯುವ ಮುಂಚೆ ಇಂಥ ಮಕ್ಕಳನ್ನೂ ಅವರ ಮನೆಯವರನ್ನೂ ಒಳಗೆ ಬಿಡುತ್ತಾರೆ. ದುಡ್ಡಿಲ್ಲ, ಆದರೆ ಮೊದಲೇ ಬುಕ್ ಮಾಡಬೇಕು. ಲಂಡನ್ ದೂರ ಅನ್ನುವವರು ನಿಮ್ಮ ಊರಿನ ಮ್ಯೂಸಿಯಂ ವೆಬ್‌ಸೈಟ್‌ನಲ್ಲಿ 'ಆಕ್ಸೆಸ್' ಪುಟ ನೋಡಿ. ಎಷ್ಟೋ ಕಡೆ ತಿಂಗಳಿಗೊಂದು ನಿಶ್ಶಬ್ದದ ಹೊತ್ತು ಇರುತ್ತದೆ. ಕೇಳಿದರೆ ಸದ್ದು ತಡೆಯಲು ಕಿವಿಗೆ ಹಾಕುವ ಇಯರ್ ಡಿಫೆಂಡರ್ ಇರುವ ಬ್ಯಾಗ್ ಕೊಡುತ್ತಾರೆ. 'ವಿಷುಯಲ್ ಸ್ಟೋರಿ' ಅಂತ ಒಂದು ಪಿಡಿಎಫ್ ಕೂಡ ಸಿಗುತ್ತದೆ. ಬಾಗಿಲು ಹೀಗಿರುತ್ತೆ, ಟಾಯ್ಲೆಟ್ ಇಲ್ಲಿದೆ, ಈ ಕೋಣೆಯಲ್ಲಿ ಸದ್ದು ಜಾಸ್ತಿ ಅಂತ ಫೋಟೋ ಸಮೇತ ಇರುತ್ತದೆ. ನಾವು ಹಿಂದಿನ ರಾತ್ರಿ ಅದನ್ನೇ ಕಥೆ ಹೇಳಿದ ಹಾಗೆ ಕನ್ನಡದಲ್ಲಿ ಹೇಳಿ ಮಲಗಿಸುತ್ತೇವೆ. ಬೆಳಗ್ಗೆ ಅವನೇ ನಮಗೆ ದಾರಿ ತೋರಿಸುತ್ತಾನೆ.

ವೀಸಾದಲ್ಲಿ ಇರುವವರಿಗೆ ಒಂದು ಮಾತು. ಟಿಕೆಟ್ ಇರುವ ಜಾಗಗಳಲ್ಲಿ ಮಗುವಿನ ಜೊತೆ ಬರುವ ಒಬ್ಬರಿಗೆ ಸಾಮಾನ್ಯವಾಗಿ ಉಚಿತ ಪ್ರವೇಶ ಕೊಡುತ್ತಾರೆ. ಕೆಲವರು ಅದಕ್ಕೆ ಡಿಎಲ್‌ಎ, ಅಂದರೆ ಇಂಥ ಮಕ್ಕಳಿಗೆ ಸರ್ಕಾರ ಕೊಡುವ ಭತ್ಯೆಯ ಪತ್ರ ಕೇಳುತ್ತಾರೆ. ಸ್ಕಿಲ್ಡ್ ವರ್ಕರ್ ವೀಸಾದವರಿಗೆ ಸಾಮಾನ್ಯವಾಗಿ ಡಿಎಲ್‌ಎ ಸಿಗುವುದೇ ಇಲ್ಲ. ಹಾಗಂತ ವಾಪಸ್ ಬರಬೇಡಿ, ಮೊದಲೇ ಈಮೇಲ್ ಮಾಡಿ. ನಮಗೆ ಒಂದು ಕಡೆ ಶಾಲೆಯವರು ಕೊಟ್ಟ ಪತ್ರವೇ ಸಾಕಾಯಿತು.

ಇಷ್ಟು ಸೌಕರ್ಯ ಇದ್ದರೆ ಸಾಕು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಒಂದು ಮ್ಯೂಸಿಯಂನಲ್ಲಿ ಹೀಗಾಯಿತು. ಹೆಸರು ಬೇಡ. ಬೇರೆ ಮಕ್ಕಳಿಗೆಲ್ಲ ನಿಜವಾದ ಹಳೇ ಮಡಕೆ ಚೂರುಗಳನ್ನು ಕೈಗೆ ಕೊಟ್ಟು, ಇದು ಯಾವ ಪಾತ್ರೆಯ ಯಾವ ಭಾಗ ಅಂತ ಕಂಡುಹಿಡಿಯಲು ಹೇಳಿದರು. ನಮ್ಮವನಿಗೆ ಮಾತ್ರ ಬಣ್ಣ ಹಚ್ಚುವ ಹಾಳೆ ಕೊಟ್ಟು ಮೂಲೆಯಲ್ಲಿ ಕೂರಿಸಿದರು. ತುಂಬಾ ಪ್ರೀತಿಯಿಂದಲೇ ಕೂರಿಸಿದರು ಅನ್ನಿ. ನಗುನಗುತ್ತಾ ಮಾತಾಡಿಸಿದರು. ಆದರೆ ಮನೆಯಲ್ಲಿ ಜಿಗ್‌ಸಾ ಚೂರುಗಳನ್ನು ನನಗಿಂತ ಬೇಗ ಜೋಡಿಸುವ ಹುಡುಗ ಅವನು. ಆ ಮಡಕೆ ಚೂರು ಅವನ ಕೈಗೇ ಬರಬೇಕಿತ್ತು. ಒಳಗೆ ಬಿಟ್ಟುಕೊಂಡರು, ಆದರೆ ಅವನಿಂದ ಏನನ್ನೂ ನಿರೀಕ್ಷೆ ಮಾಡಲಿಲ್ಲ. ನನಗೆ ಅವತ್ತು ಬೇಜಾರಾಗಿದ್ದು ಅದಕ್ಕೆ.

ಇದಕ್ಕೆ ಪೂರ್ತಿ ಉಲ್ಟಾ ಅನುಭವ ಆಗಿದ್ದು ಉತ್ತರ ಇಂಗ್ಲೆಂಡಿನ ಒಂದು ರೋಮನ್ ಕೋಟೆಯಲ್ಲಿ. ಊರಿಂದ ನಮ್ಮ ಅತ್ತೆ ಬಂದಿದ್ದರು. ಇಂಗ್ಲಿಷ್ ಬರಲ್ಲ, ಮಂಡಿನೋವು ಬೇರೆ, "ನಾನ್ಯಾಕೆ, ನೀವು ಹೋಗಿಬನ್ನಿ" ಅನ್ನುತ್ತಿದ್ದರು. ಒಳಗೆ ಮೇಜಿನ ಮೇಲೆ, ಮುಟ್ಟಿ ನೋಡಲು ಅಂತಲೇ, ರೋಮನ್ ಕಾಲದ್ದರ ಹಾಗೆ ಮಾಡಿದ ಒಂದು ಕಲ್ಲು ಇಟ್ಟಿದ್ದರು. ಅತ್ತೆ ನೋಡಿದ್ದೇ ತಡ, "ಅಯ್ಯೋ, ಇದು ನಮ್ಮ ಬೀಸೋ ಕಲ್ಲು ಅಲ್ವೇನೇ!" ಅಂದರು. ಹೌದು, ಅದೇ. ಎರಡು ದುಂಡು ಕಲ್ಲು, ಮೇಲಿನದಕ್ಕೆ ನಡುವೆ ತೂತು, ಪಕ್ಕಕ್ಕೆ ಗೂಟ. ಈ ಕೋಟೆಯ ರೋಮನ್ ಸೈನಿಕರು ಅದರಲ್ಲಿ ಗೋಧಿ ಬೀಸಿಕೊಳ್ಳುತ್ತಿದ್ದರು.

ಅಲ್ಲಿದ್ದ ವಾಲಂಟಿಯರ್ ಅಜ್ಜ ಒಬ್ಬರು ಇದನ್ನು ಗಮನಿಸಿದರು. ಅವರು ಅತ್ತೆಗೆ ಏನನ್ನೂ ವಿವರಿಸಲು ಹೋಗಲಿಲ್ಲ. ಹಿಡಿ ಗೋಧಿ ಕೈಗೆ ಕೊಟ್ಟು ಸುಮ್ನೆ ಪಕ್ಕಕ್ಕೆ ಸರಿದು ನಿಂತರು! ಅತ್ತೆ ಎಡಗೈಯಲ್ಲಿ ನಾಲ್ಕು ನಾಲ್ಕೇ ಕಾಳು ಹಾಕುತ್ತಾ ಬಲಗೈಯಲ್ಲಿ ತಿರುಗಿಸಿದರು. "ಒಂದೇ ಸಲ ಜಾಸ್ತಿ ಹಾಕಿದ್ರೆ ನುಚ್ಚಾಗುತ್ತೆ, ಹಿಟ್ಟಾಗಲ್ಲ ಅಂತ ಹೇಳು ಅವರಿಗೆ" ಅಂದರು. ಹೇಳಬೇಕಾದ್ದು ನಮ್ಮ ಹನ್ನೊಂದು ವರ್ಷದ ಮಗಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷ್‌ನಲ್ಲಿ ಉತ್ತರ ಕೊಡುವವಳು. ನುಚ್ಚಿಗೆ ಇಂಗ್ಲಿಷ್‌ನಲ್ಲಿ ಏನು ಅಂತ ತಡಕಾಡಿದಳು. ಆಮೇಲೆ ಅಜ್ಜ ಕೇಳಿದ್ದನ್ನು ಕನ್ನಡಕ್ಕೆ ತರಲು ಇನ್ನೂ ಜಾಸ್ತಿ ತಡಕಾಡಿದಳು. ಹಿಂದೆ ನಮ್ಮೂರುಗಳಲ್ಲಿ ಇಬ್ಬರು ಹೆಂಗಸರು ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುತ್ತಿದ್ದರು, ದಣಿವು ಗೊತ್ತಾಗದಿರಲಿ ಅಂತ ಪದ ಹೇಳುತ್ತಿದ್ದರು ಅನ್ನುವುದು ಅತ್ತೆ ಅವತ್ತು ಹೇಳುವ ತನಕ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಚಿಕ್ಕವನಂತೂ ಕಲ್ಲು ತಿರುಗುವುದನ್ನೇ ನೋಡುತ್ತಾ ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ. ಆ ಕಲ್ಲಿಗೆ ಮಾತ್ರ ಉಳಿಯಿಂದ ಸರಿಯಾಗಿ ಕಚ್ಚು ಹಾಕಿಲ್ಲ ಅಂತ ಅತ್ತೆ ಕಾರಿನಲ್ಲೂ ಗೊಣಗುತ್ತಿದ್ದರು.

ಆ ಕಡೆ ಹೋದರೆ ಸೌತ್ ಶೀಲ್ಡ್ಸ್‌ನ ಅರ್ಬೆಯಾ ಕೋಟೆಯನ್ನೂ ನೋಡಿ. ಅಲ್ಲಿ ರೆಜೀನಾ ಅನ್ನುವ ಹೆಂಗಸಿನ ಸಮಾಧಿ ಕಲ್ಲು ಇದೆ, ಸುಮಾರು 1,800 ವರ್ಷ ಹಳೆಯದು. ಹಾಕಿಸಿದವನು ಅವಳ ಗಂಡ ಬರಾತೆಸ್, ಸಿರಿಯಾದ ಪಾಲ್ಮೈರಾ ಕಡೆಯವನು. ಮೇಲೆ ಲ್ಯಾಟಿನ್‌ನಲ್ಲಿ ಎಲ್ಲರಿಗೂ ಗೊತ್ತಾಗಲಿ ಅಂತ ವಿವರ: ಯಾವ ಜನಾಂಗದವಳು, ಮೂವತ್ತಕ್ಕೇ ತೀರಿಕೊಂಡಳು ಅಂತ. ಕೆಳಗೆ ತನ್ನ ಊರಿನ ಲಿಪಿಯಲ್ಲಿ ಒಂದೇ ಸಾಲು. ಬರಾತೆಸ್ ಬಿಡುಗಡೆ ಮಾಡಿದ ರೆಜೀನಾ, ಅಯ್ಯೋ, ಅಷ್ಟೇ. ಆ ಊರಿನಲ್ಲಿ ಅದನ್ನು ಓದಬಲ್ಲವರು ಎಷ್ಟು ಜನ ಇದ್ದಿರಬಹುದು? ಆದರೂ ಅಯ್ಯೋ ಅನ್ನಲು ಅವನಿಗೆ ತನ್ನ ಭಾಷೆಯೇ ಬೇಕಾಯಿತು. 'ಬಿಡುಗಡೆ' ಅಂದರೇನು ಅಂತ ಮಗಳು ಕೇಳಿದಳು. ಅವಳು ಮೊದಲು ಅವನ ಗುಲಾಮಳಾಗಿದ್ದಳು ಅಂತ ಹೇಳಲೇಬೇಕಾಯಿತು. ಹೇಳಿದೆ. ಮಕ್ಕಳಿಗೆ ಇಂಥದ್ದೆಲ್ಲ ಬೇಡ ಅಂತ ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ನಮ್ಮ ಕರ್ನಾಟಕದ್ದೇ ವಸ್ತು, ಟಿಪ್ಪುವಿನ ಹುಲಿ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಮರದ ಹುಲಿ, ಕೆಳಗೆ ಬಿದ್ದ ಯೂರೋಪಿಯನ್ ಒಬ್ಬನ ಮೇಲೆ ಎರಗಿದೆ. ಹಿಡಿಕೆ ತಿರುಗಿಸಿದರೆ ಹುಲಿ ಗುರ್ ಅನ್ನುತ್ತೆ, ಮನುಷ್ಯ ನರಳುತ್ತಾ ಕೈ ಎತ್ತುತ್ತಾನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈಸ್ಟ್ ಇಂಡಿಯಾ ಕಂಪನಿಯವರ ಕೈಗೆ ಸಿಕ್ಕಿತು. 1808ರಿಂದ ಲಂಡನ್ನಿನ ಕಂಪನಿ ಕಚೇರಿಯ ಓದುವ ಕೋಣೆಯಲ್ಲಿ ಪ್ರದರ್ಶನಕ್ಕಿತ್ತು. ಬಂದವರೆಲ್ಲ ಹಿಡಿಕೆ ತಿರುಗಿಸಿ ತಿರುಗಿಸಿ, ಅಲ್ಲೇ ಓದುತ್ತಾ ಕೂತವರಿಗೆ ಸಾಕುಸಾಕಾಗಿ ಹೋಗಿತ್ತು. ಈಗ ಯಾರೂ ಮುಟ್ಟುವ ಹಾಗಿಲ್ಲ.

ಎರಡು ವರ್ಷದ ಹಿಂದೆ ನೋಡಲು ಹೋದಾಗ ಮಗಳ ಕೈಯಲ್ಲಿ 'ಮೂರು ಪ್ರಾಣಿ ಹುಡುಕಿ' ಅನ್ನುವಂಥ ಹಾಳೆ ಇತ್ತು. ಹುಡುಕಿಯಾದ ಮೇಲೆ ಕೇಳಿದಳು: "ಅಮ್ಮ, ಇದನ್ನ ಇಲ್ಲಿಗೆ ತಂದ್ರಾ, ಅಲ್ಲಿಂದ ಒಯ್ದ್ರಾ?" ನಿಜ ಹೇಳಬೇಕಂದ್ರೆ ಅವಳು ಕೇಳಿದ್ದು ವ್ಯಾಕರಣದ ಪ್ರಶ್ನೆ, ಯಾವ ಪದ ಸರಿ ಅಂತ. ಆದರೆ ನೋಡಿ, ಇಡೀ ಜಗಳ ಆ ಎರಡು ಪದಗಳಲ್ಲೇ ಇದೆ. ಲಂಡನ್ನಿನಲ್ಲಿ ನಿಂತವರಿಗೆ ತಂದರು, ಶ್ರೀರಂಗಪಟ್ಟಣದಲ್ಲಿ ನಿಂತವರಿಗೆ ಒಯ್ದರು. ಆ ವಾರ ಎರಡು ಲೇಬಲ್ ಬರೆಯಲು ಹೇಳಿದೆ. ಒಂದು 1808ರ ಲಂಡನ್ ಗುಮಾಸ್ತ ಬರೆದ ಹಾಗೆ ಇಂಗ್ಲಿಷ್‌ನಲ್ಲಿ, ಇನ್ನೊಂದು ಕೋಟೆ ಬಿದ್ದ ಮಾರನೇ ದಿನ ಆ ಊರಿನವರು ಬರೆದ ಹಾಗೆ ಕನ್ನಡದಲ್ಲಿ. ಕನ್ನಡದ್ದರಲ್ಲಿ ಕಾಗುಣಿತ ತಪ್ಪು ಬೇಕಾದಷ್ಟಿತ್ತು. ಆದರೆ 'ದೋಚಿದರು' ಅನ್ನುವ ಪದ ಅವಳೇ ಹುಡುಕಿ ಹಾಕಿದ್ದಳು. ನೀವೂ ಹೋಗುವ ಮುಂಚೆ ಆ ಗ್ಯಾಲರಿ ತೆರೆದಿದೆಯಾ ಅಂತ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ.

ಬೋರ್ ಅನ್ನುವ ಮಕ್ಕಳಿಗೆ ನಾನು ಕಂಡುಕೊಂಡ ಉಪಾಯ ಹೀಗೆ. ಎಲ್ಲ ನೋಡುವ ಆಸೆ ಬಿಡಿ. 2001ರ ಡಿಸೆಂಬರ್‌ನಿಂದ ಇಂಗ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಂಗಳ ಶಾಶ್ವತ ಗ್ಯಾಲರಿಗಳಿಗೆ ಟಿಕೆಟ್ ಇಲ್ಲ, ಇಪ್ಪತ್ತು ನಿಮಿಷಕ್ಕೆ ಹೊರಗೆ ಬಂದರೂ ನಷ್ಟವಿಲ್ಲ. ಒಂದೇ ವಸ್ತುವಿನ ಮುಂದೆ ನೆಲದ ಮೇಲೆ ಕೂತುಬಿಡಿ. ಅಮೆರಿಕದ ಫಿಲಿಪ್ ಯೆನವೈನ್ ಮತ್ತು ಅಬಿಗೈಲ್ ಹೌಸೆನ್ ರೂಪಿಸಿದ ಒಂದು ಕ್ರಮದಲ್ಲಿ ಮೂರೇ ಪ್ರಶ್ನೆ. ಇಲ್ಲಿ ಏನು ನಡೀತಿದೆ? ಏನು ನೋಡಿ ನಿನಗೆ ಹಾಗನ್ನಿಸ್ತು? ಇನ್ನೇನು ಕಾಣುತ್ತೆ? ಕನ್ನಡದಲ್ಲೇ ಕೇಳಿ. ಉತ್ತರ ಅರ್ಧ ಇಂಗ್ಲಿಷ್‌ನಲ್ಲಿ ಬಂದರೂ ತಿದ್ದಬೇಡಿ.

ಮಕ್ಕಳು ಗಲಾಟೆ ಮಾಡುತ್ತಾರೆ ಅನ್ನುವ ಭಯ ಇದ್ದವರಿಗೆ: ಡೀಯಾ ಬರ್ಕೆಟ್ ಅನ್ನುವ ಪತ್ರಕರ್ತೆಯ ಪುಟ್ಟ ಮಗ ಲಂಡನ್ನಿನಲ್ಲಿ ಒಂದು ಅಜ್ಟೆಕ್ ಪ್ರತಿಮೆ ನೋಡಿ "ರಾಕ್ಷಸ!" ಅಂತ ಕೂಗಿದ. ಅಷ್ಟಕ್ಕೇ ಅವರನ್ನು ಪ್ರದರ್ಶನದಿಂದ ಹೊರಗೆ ಕಳಿಸಿದರು. ಆ ಸಿಟ್ಟಿನಿಂದ ಹುಟ್ಟಿದ್ದೇ 2003ರ 'ಕಿಡ್ಸ್ ಇನ್ ಮ್ಯೂಸಿಯಮ್ಸ್' ಸಂಸ್ಥೆ. ಈಗ ಅವರ 'ಟೇಕೋವರ್ ಡೇ' ದಿನ ಮಕ್ಕಳೇ ಮ್ಯೂಸಿಯಂನ ಕೆಲಸ ವಹಿಸಿಕೊಳ್ಳುತ್ತಾರೆ. ಗೈಡ್ ಆಗುತ್ತಾರೆ, ಲೇಬಲ್ ಬರೆಯುತ್ತಾರೆ.

ಈಗ ನಮ್ಮ ಸಂಘದ ವಿಷಯ. ಪ್ರತಿ ವರ್ಷ ದೀಪಾವಳಿಗೆ ಇಲ್ಲಿನ ಮ್ಯೂಸಿಯಂನವರು ಕರೆಯುತ್ತಾರೆ, ನಾವು ಒಂದು ಡ್ಯಾನ್ಸ್ ಐಟಂ, ಒಂದು ರಂಗೋಲಿ ಮಾಡಿ ಫೋಟೋ ಹಾಕಿಕೊಂಡು ಬರುತ್ತೇವೆ. ಡ್ಯಾನ್ಸ್ ಇರಲಿ, ಬೇಡ ಅನ್ನುತ್ತಿಲ್ಲ, ನನ್ನ ಮಗಳೇ ಮುಂದಿನ ಸಾಲಿನಲ್ಲಿ ಕುಣಿಯುತ್ತಾಳೆ. ಆದರೆ ಅವರು ನಮ್ಮಿಂದ ಅಷ್ಟನ್ನೇ ಕೇಳುತ್ತಾರೆ, ನಾವೂ ಅಷ್ಟನ್ನೇ ಕೊಡುತ್ತೇವೆ. ಮ್ಯಾಂಚೆಸ್ಟರ್ ಮ್ಯೂಸಿಯಂನಲ್ಲಿ 2023ರ ಫೆಬ್ರವರಿಯಲ್ಲಿ ಶುರುವಾದ ಸೌತ್ ಏಷ್ಯಾ ಗ್ಯಾಲರಿಯಲ್ಲಿ ಏನಿರಬೇಕು, ಹೇಗೆ ಹೇಳಬೇಕು ಅಂತ ಕೂತು ತೀರ್ಮಾನಿಸಿದ್ದು ಮೂವತ್ತು ಜನರ ಗುಂಪು. ಕಲಾವಿದರು, ಇತಿಹಾಸ ಬಲ್ಲವರು, ಸಮುದಾಯದಲ್ಲಿ ಕೆಲಸ ಮಾಡುವವರು ಎಲ್ಲ ಅದರಲ್ಲಿದ್ದರು. ಅಷ್ಟು ದೊಡ್ಡದು ನಮ್ಮಿಂದ ಆಗದಿರಬಹುದು. ಹತ್ತು ಲೇಬಲ್ ಆಗುತ್ತೆ, ಅಲ್ವಾ?

ಆದ್ದರಿಂದ ಈ ಸಲ ದೀಪಾವಳಿ ಈಮೇಲ್ ಬರುವ ತನಕ ಕಾಯದೆ, ನಾವೇ ಅವರ ಲರ್ನಿಂಗ್ ಟೀಮ್‌ಗೆ ಬರೆಯೋಣ. ಶನಿವಾರದ ಕನ್ನಡ ತರಗತಿಯ ಮಕ್ಕಳು ಹತ್ತು ವಸ್ತು ಆರಿಸಿಕೊಂಡು ಎರಡೂ ಭಾಷೆಯಲ್ಲಿ ಲೇಬಲ್ ಬರೆಯುತ್ತಾರೆ, ಒಂದು ದಿನ ಗೈಡ್ ಆಗಿ ನಿಲ್ಲುತ್ತಾರೆ ಅಂತ. ನಿಧಾನ ಮಾತಾಡುವ ಮಕ್ಕಳು, ಮಾತೇ ಆಡದ ಮಕ್ಕಳು ಕೂಡ ಸೇರಲಿ, ವಸ್ತು ಮುಟ್ಟಿಸುವ ಮೇಜು ಅವರದ್ದಾಗಲಿ. ಕಾಗದ ನಾನು ಬರೆಯುತ್ತೇನೆ. ಮಕ್ಕಳ ಕನ್ನಡ ನೋಡಿಕೊಡಲು ಇಬ್ಬರು ಬೇಕು, ಯಾರು ಬರುತ್ತೀರಿ ಹೇಳಿ.

ಅತ್ತೆ ಮಾರ್ಚ್ ತನಕ ಇಲ್ಲೇ ಇರುತ್ತಾರೆ. ಬೀಸುವ ಕಲ್ಲು ಇಡುವುದಾದರೆ ಬಂದು ಕೂರಲು ಅವರು ತಯಾರು. ಕಲ್ಲಿಗೆ ಮೊದಲು ಉಳಿಯಿಂದ ಕಚ್ಚು ಹಾಕಿಸಬೇಕಂತೆ, ಕೂರಲು ಒಂದು ಎತ್ತರದ ಮಣೆ ಬೇಕಂತೆ.